ಪುಸ್ತಕದ ಕಪಾಟಿಗೆ 12 ಎಂಎಂ ಸಾಕಾ, 18 ಬೇಕಾ?

ಮಲೆನಾಡಿಗ_ಓದುಗ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ನಮ್ಮ ಮನೆಯ ಒಂದು ಗೋಡೆಗೆ ಪುಸ್ತಕದ ಕಪಾಟು ಮಾಡಬೇಕು ಅಂತಿದ್ದೇನೆ. ಶೀಟ್ ಕುಯ್ದು ಕೊಡುವುದು ಬಡಗಿ, ಜೋಡಿಸುವುದು ನಾನು. ಅಳತೆ ಹೀಗಿದೆ: 6 ಅಡಿ ಅಗಲ, 7 ಅಡಿ ಎತ್ತರ, 11 ಇಂಚು ಆಳ. ನಡುವೆ ಒಂದು ಪಾರ್ಟಿಷನ್, ಅಂದರೆ ಆ ಕಡೆ 3 ಅಡಿ, ಈ ಕಡೆ 3 ಅಡಿ. ಒಂದೊಂದು ಕಡೆ 5 ಅಡ್ಡ ಹಲಗೆ. ಬಾಗಿಲು ಇಲ್ಲ.

ಈಗ ತಲೆನೋವು ಏನಪ್ಪಾ ಅಂದರೆ ಪ್ಲೈವುಡ್ ದಪ್ಪ. ಬಡಗಿ ಹೇಳುತ್ತಾರೆ, ಪಕ್ಕದ್ದು 19 ಹಾಕೋಣ, ಅಡ್ಡ ಹಲಗೆಗೆ 12 ಸಾಕು, ಹಗುರ ಆಗುತ್ತೆ, ದುಡ್ಡೂ ಉಳಿಯುತ್ತೆ ಅಂತ. ಅಂಗಡಿಯವರು, "16 ತಗೊಳ್ಳಿ ಸರ್, ಈಗ ಎಲ್ಲರೂ ಅದನ್ನೇ ಒಯ್ಯುವುದು" ಅಂದರು. ನಮ್ಮ ಭಾವ ಬಂದವರು ಕಾಫಿ ಕುಡಿಯುತ್ತಾ, "ಜೀವಮಾನಕ್ಕೆ ಒಂದೇ ಸಲ ಮಾಡಿಸೋದು, 25 ಹಾಕಿಬಿಡು" ಅಂದು ಹೋದರು. ನಮಗೆ ಹೇಳಿದ ರೇಟು 12ಕ್ಕೆ ಚದರಡಿಗೆ 68 ರೂಪಾಯಿ, 18ಕ್ಕೆ 98. ಯಾರ ಮಾತು ಕೇಳಲಿ?

ಗರಗಸ_ಗುಂಡ

ನೀವು ಉದ್ದ ಹೇಳಿದ್ದೀರಿ, ಪುಣ್ಯಾತ್ಮರು. ಇಲ್ಲಿ ಬರುವವರೆಲ್ಲ "ಶೆಲ್ಫಿಗೆ ಎಷ್ಟು ಎಂಎಂ" ಅಂತ ಮಾತ್ರ ಕೇಳುತ್ತಾರೆ. ಎಷ್ಟು ಉದ್ದದ ಶೆಲ್ಫು, ಮೇಲೆ ಏನು ಇಡುತ್ತೀರಿ ಅಂತ ಮೂರು ಸಲ ಕೇಳಿದ ಮೇಲೆ ಹೇಳುತ್ತಾರೆ.

3 ಅಡಿಗೆ 12 ಎಂಎಂ ಖಂಡಿತ ಬೇಡ. ನಾನು ಮಾಡಿ ಅನುಭವಿಸಿದ್ದೇನೆ. ಮಗನ ಪರೀಕ್ಷೆಯ ಗೈಡುಗಳು, ದಪ್ಪ ದಪ್ಪ ಪುಸ್ತಕ, 3 ಅಡಿಯ ಹಲಗೆ, 12 ಎಂಎಂ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಲಗೆ ಹೊಟ್ಟೆ ಬಿಟ್ಟಿತು. ನಾನು ಬುದ್ಧಿವಂತ ಅಂದುಕೊಂಡು ಅದನ್ನು ತಿರುಗಿಸಿ ಹಾಕಿದೆ. ಒಂದು ವರ್ಷ ಚೆನ್ನಾಗಿತ್ತು. ಆಮೇಲೆ ಆ ಕಡೆಗೂ ಬಗ್ಗಿತು.

ಲೆಕ್ಕದ_ಮೇಷ್ಟ್ರು

ಗುಂಡ ಅವರ ಅನುಭವವನ್ನೇ ಲೆಕ್ಕಕ್ಕೆ ಇಳಿಸುತ್ತೇನೆ, ಬೇಸರ ಮಾಡಿಕೊಳ್ಳಬೇಡಿ, ಹಳೇ ಚಾಳಿ.

ಹಲಗೆ ಎಷ್ಟು ಬಗ್ಗುತ್ತದೆ ಅನ್ನುವುದು ದಪ್ಪದ ಘನದ ಮೇಲೆ ನಿಂತಿದೆ. 12ರಿಂದ 18ಕ್ಕೆ ಹೋದರೆ ದಪ್ಪ ಒಂದೂವರೆ ಪಟ್ಟು, ಆದರೆ ಗಟ್ಟಿತನ 1.5 × 1.5 × 1.5, ಅಂದರೆ ಸುಮಾರು 3.4 ಪಟ್ಟು. ಇನ್ನೊಂದು ಕಡೆ ಉದ್ದ. ಅಡಿಗೆ ಇಷ್ಟು ಕೆಜಿ ಅಂತ ಒಂದೇ ಸಮನಾಗಿ ಪುಸ್ತಕ ಜೋಡಿಸಿದರೆ ಬಗ್ಗುವುದು ಉದ್ದದ ನಾಲ್ಕನೇ ಘಾತದ ಹಾಗೆ ಏರುತ್ತದೆ. ಇದನ್ನು ಯಾರೂ ನಂಬುವುದೇ ಇಲ್ಲ. 2 ಅಡಿಯ ಹಲಗೆಯನ್ನು 3 ಅಡಿ ಮಾಡಿದರೆ ಅದು ಐದು ಪಟ್ಟು ಜಾಸ್ತಿ ಬಗ್ಗುತ್ತದೆ.

ನಾನು ಮನೆಯಲ್ಲಿ ಬಚ್ಚಲಿನ ತೂಕದ ಯಂತ್ರ ತಂದು ಒಂದು ಅಡಿ ಪುಸ್ತಕ ತೂಗಿದೆ. ಕಾದಂಬರಿಗಳಾದರೆ 7 ಕೆಜಿ, ರಟ್ಟಿನ ಹೊದಿಕೆಯ ದೊಡ್ಡ ಪುಸ್ತಕಗಳಾದರೆ 11 ದಾಟಿತು. 10 ಅಂತ ಇಟ್ಟುಕೊಳ್ಳೋಣ. ಸಾಧಾರಣ ಪ್ಲೈವುಡ್, 11 ಇಂಚು ಆಳ, ಎರಡು ತುದಿ ಮಾತ್ರ ಆಧಾರ ಅಂದುಕೊಂಡರೆ ಪುಸ್ತಕ ಇಟ್ಟ ದಿನವೇ ನಡುವೆ ಇಳಿಯುವುದು ಹೀಗೆ: 3 ಅಡಿಯ ಖಾನೆಗೆ 12 ಎಂಎಂ ಹಾಕಿದರೆ ಸುಮಾರು 13 ಎಂಎಂ, 18 ಹಾಕಿದರೆ 4 ಎಂಎಂ ಹತ್ತಿರ. 2 ಅಡಿಯ ಖಾನೆಗೆ 12 ಹಾಕಿದರೆ ಎರಡೂವರೆ, 18 ಹಾಕಿದರೆ 1 ಎಂಎಂ ಕೂಡ ಇಲ್ಲ. ಇದು ಮೊದಲ ದಿನದ ಕಥೆ. ಮರಕ್ಕೆ ಭಾರ ಹೊತ್ತು ಹೊತ್ತು ನಿಧಾನಕ್ಕೆ ಇಳಿಯುವ ಗುಣ ಇದೆ, ವರ್ಷ ಕಳೆದರೆ ಇದರ ಎರಡರಷ್ಟು ಆದರೂ ಆಶ್ಚರ್ಯ ಇಲ್ಲ.

ಒಂದು ವಿಷಯ ಗಮನಿಸಿ. 3 ಅಡಿಗೆ 18 ಹಾಕುವುದಕ್ಕಿಂತ 2 ಅಡಿಗೆ 12 ಹಾಕಿದರೆ ಕಡಿಮೆ ಬಗ್ಗುತ್ತದೆ.

ಮಲೆನಾಡಿಗ_ಓದುಗ

ಮೇಷ್ಟ್ರೇ, ಕೊನೆಯ ಸಾಲು ಎರಡು ಸಲ ಓದಿದೆ. ಹಾಗಾದರೆ ನಮ್ಮ ಬಡಗಿ ಹೇಳಿದ್ದು ಪೂರ್ತಿ ತಪ್ಪಲ್ಲ ಅಂತಾಯಿತು, ಅಲ್ವಾ?

ಲೆಕ್ಕದ_ಮೇಷ್ಟ್ರು

ತಪ್ಪಲ್ಲ. ಅವರು ಬಹುಶಃ ಒಂದೂವರೆ ಅಡಿ, 2 ಅಡಿಯ ವಾರ್ಡ್‌ರೋಬ್ ಖಾನೆ ಮಾಡಿ ಮಾಡಿ ಅಭ್ಯಾಸ ಆದವರು. ಅಲ್ಲಿ ಸೀರೆ, ಅಂಗಿ ಇಡುವುದು. ಅಲ್ಲಿ ನಡೆಯುತ್ತದೆ.

ಹುಬ್ಬಳ್ಳಿ_ಮಂದಿ

ನೋಡ್ರಿ, ಬಗ್ಗುವುದು ಒಂದೇ ಅಲ್ಲ. ಸ್ಕ್ರೂ ಎಲ್ಲಿ ಹಿಡಿಯುತ್ತದೆ ಅದನ್ನೂ ನೋಡಬೇಕ್ರಿ. 12 ಎಂಎಂ ಹಲಗೆಯ ಅಂಚಿಗೆ ಸ್ಕ್ರೂ ಹೊಡೆದರೆ ಪದರ ಪದರ ಬಿಚ್ಚಿಕೊಂಡು ಬಿಡ್ತದ. ನೀವು ಹೊಸಬರು, ಕೈ ಸ್ವಲ್ಪ ಓರೆ ಆಯಿತು ಅಂದರೆ ಸ್ಕ್ರೂ ಹೊರಗೆ ಇಣುಕ್ತದ. 18ರಲ್ಲಿ ನಡುವೆ ಹಿಡಿಯಲಿಕ್ಕೆ ಜಾಗ ಇರ್ತದ. ಅದಕ್ಕೂ ಮೊದಲು ಸಣ್ಣ ತೂತು ಕೊರೆದುಕೊಂಡೇ ಹೊಡೀರಿ.

16 ಬಗ್ಗೆ: ಅದರಲ್ಲಿ ಕೆಟ್ಟದ್ದು ಏನೂ ಇಲ್ಲ. ಬಾಗಿಲು ಇರುವ ಕಪಾಟು, ಚಿಕ್ಕ ಖಾನೆ, ಅಡುಗೆಮನೆಯ ಡಬ್ಬದಂಥದ್ದು ಆದರೆ 16 ಆರಾಮ್. ಬಾಗಿಲಿಗೆ ಹಾಕುವ ಆಟೋ ಹಿಂಜ್ ಇದೆಯಲ್ಲ, ಅದರ ಬಟ್ಟಲು 35 ಎಂಎಂ ಅಗಲ, 11-12 ಎಂಎಂ ಆಳ ಕೊರೆಯಬೇಕು. 12ರ ಬಾಗಿಲಾದರೆ ಡ್ರಿಲ್ ಆ ಕಡೆ ಬಂದು ನಮಸ್ಕಾರ ಅಂತದ. ಹಂಗಾಗಿ ಬಾಗಿಲಿಗೆ 16ಕ್ಕಿಂತ ಕೆಳಗೆ ಇಳಿಯಬಾರದು. ನಿಮಗೆ ಬಾಗಿಲೇ ಇಲ್ಲ, ಆ ಚಿಂತಿ ಬಿಡ್ರಿ.

ಭಾವನ_ಪಕ್ಷ

ನಾನು ಭಾವನ ಕಡೆ! 25 ಯಾಕೆ ಬೇಡ?

ಗರಗಸ_ಗುಂಡ

ಎತ್ತುವವರು ಭಾವ ಆದರೆ ಹಾಕಲಿ ಬಿಡಿ. 8 ಅಡಿ 4 ಅಡಿಯ 18 ಎಂಎಂ ಶೀಟೇ 30 ಕೆಜಿ ಮೇಲೆ ಬರುತ್ತದೆ, 25 ಆದರೆ 40 ದಾಟುತ್ತದೆ. ಮೇಜಿನ ಮೇಲ್ಮೈಗೆ, ಕೆಲಸ ಮಾಡುವ ಬೆಂಚಿಗೆ 25 ಚೆಂದ. ಪುಸ್ತಕಕ್ಕೆ ಬೇಕಿಲ್ಲ. ಅದರ ಬದಲು 18ರ ಹಲಗೆಯ ಮುಂದಿನ ಅಂಚಿಗೆ ಒಂದೂವರೆ ಇಂಚಿನ ಸಾಗುವಾನಿ ಪಟ್ಟಿಯನ್ನು ನಿಲ್ಲಿಸಿ ಅಂಟಿಸಿ. ಮಲಗಿಸಿ ಅಲ್ಲ, ನಿಲ್ಲಿಸಿ. ಪ್ಲೈನ ಅಂಚೂ ಮುಚ್ಚಿತು, ಬಗ್ಗುವುದೂ ಅರ್ಧಕ್ಕಿಂತ ಕಡಿಮೆ ಆಯಿತು.

ಲೆಕ್ಕದ_ಮೇಷ್ಟ್ರು

ಈಗ ತಾನೇ ಲೆಕ್ಕ ಹಾಕಿದೆ, ಗುಂಡ ಹೇಳಿದ್ದು ಸರಿ. ಒಂದೂವರೆ ಇಂಚು ನಿಂತ ಪಟ್ಟಿಗೆ ಇಡೀ ಹಲಗೆಗೆ ಇರುವಷ್ಟು ಗಟ್ಟಿತನ ಇದೆ, ಸ್ವಲ್ಪ ಜಾಸ್ತಿಯೇ. ನನಗೇ ನಂಬಿಕೆ ಬರಲಿಲ್ಲ.

ಉಡುಪಿ_ಮಳೆ

ಎಲ್ಲರೂ ದಪ್ಪ ದಪ್ಪ ಅಂತಿದ್ದೀರಿ, ಯಾವ ಪ್ಲೈ ಅಂತ ಯಾರೂ ಕೇಳಲಿಲ್ಲ! ಶಿವಮೊಗ್ಗ ಅಂದರೆ ಮಳೆ ಊರು ತಾನೇ.

ನಮ್ಮ ಮನೆಯಲ್ಲಿ ಆದದ್ದು ಹೇಳುತ್ತೇನೆ. ಪಶ್ಚಿಮದ ಗೋಡೆ, ಮಳೆ ನೇರ ಅದಕ್ಕೇ ಹೊಡೆಯುವುದು. ಅಲ್ಲಿ ಒಂದು ಕಪಾಟು ನಿಲ್ಲಿಸಿದೆವು, ಹಿಂಬದಿಗೆ ಕಮರ್ಷಿಯಲ್ ಪ್ಲೈ. ಅಂಗಡಿಯವರು, "ದಪ್ಪ ಜಾಸ್ತಿ ಹಾಕಿ, ಏನೂ ಆಗಲ್ಲ" ಅಂದಿದ್ದರು. ಎರಡನೇ ಮಳೆಗಾಲಕ್ಕೆ ಹಿಂಬದಿ ಊದಿ ಹಪ್ಪಳದ ಹಾಗೆ ಆಯಿತು, ಬೂಷ್ಟು ಬೇರೆ. ಎಷ್ಟು ದಪ್ಪ ಹಾಕಿದರೂ ಅಂಟು ಬಿಟ್ಟುಕೊಂಡರೆ ಮುಗಿಯಿತು.

ಹಾಗಾಗಿ ಶೀಟ್ ಮೇಲಿನ ಮುದ್ರೆ ಓದಿ. ಐಎಸ್ (ಭಾರತೀಯ ಮಾನಕ) 303 ಅಂತ ಇದ್ದರೆ ಅದು ಸಾಮಾನ್ಯ ಬಳಕೆಯ ಪ್ಲೈ, ಅದರಲ್ಲೇ ಎಂಆರ್ (ತೇವ ತಡೆಯುವಂಥದ್ದು) ಮತ್ತು ಬಿಡಬ್ಲ್ಯೂಆರ್ (ಕುದಿನೀರು ತಡೆಯುವಂಥದ್ದು) ಅಂತ ಬೇರೆ ಬೇರೆ. ಎಂಆರ್ ಅಂದರೆ ಅಂಗಡಿಯವರ ಬಾಯಲ್ಲಿ ಕಮರ್ಷಿಯಲ್. ತೇವದ ಗಾಳಿ ತಡೆಯುತ್ತದೆ, ನೀರು ತಡೆಯುವುದಿಲ್ಲ. ಬಿಡಬ್ಲ್ಯೂಆರ್‌ನ ಅಂಟು ಬೇರೆ, ಕುದಿಯುವ ನೀರಿನಲ್ಲಿ ಹಾಕಿ ಪರೀಕ್ಷೆ ಮಾಡುವಂಥದ್ದು. ಐಎಸ್ 710 ಇದ್ದರೆ ಮರೀನ್, ಅದನ್ನು 72 ಗಂಟೆ ಕುದಿಸಿ ನೋಡುತ್ತಾರೆ. ಪುಸ್ತಕಕ್ಕೆ ಮರೀನ್ ದುಂದು. ಮಲೆನಾಡು, ಕರಾವಳಿಗೆ ಬಿಡಬ್ಲ್ಯೂಆರ್ ಹಾಕಿ ಸುಮ್ನೆ ಇರಿ. ಐಎಸ್‌ಐ ಗುರುತಿನ ಕೆಳಗಿನ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಕಂಪನಿ ಯಾವುದು ಅಂತ ತೋರಿಸುತ್ತದೆ, ಅಂಗಡಿಯಲ್ಲೇ ನಿಂತು ನೋಡಬಹುದು.

ಮತ್ತೆ, ಗೋಡೆಗೆ ಅಂಟಿಸಿ ನಿಲ್ಲಿಸಬೇಡಿ. ಒಂದು ಇಂಚು ಸಂದು ಬಿಡಿ. ಗೆದ್ದಲು ಹತ್ತಿದರೂ ಕಣ್ಣಿಗೆ ಬೀಳುತ್ತದೆ.

ಹಲಸಿನ_ಹಲಗೆ

ಹಲಸಿನ ಮರದ ಊರಲ್ಲಿ ಕೂತು ಪ್ಲೈವುಡ್ ಚರ್ಚೆ! ನಮ್ಮಜ್ಜ ಮಾಡಿಸಿದ ಹಲಸಿನ ಕಪಾಟು ಇನ್ನೂ ಕಲ್ಲಿನ ಹಾಗಿದೆ.

ಮಲೆನಾಡಿಗ_ಓದುಗ

ಅಜ್ಜ ಯಾವ ರೇಟಿಗೆ ತಂದಿದ್ದರು ಅಂತ ಗೊತ್ತಾದರೆ ತಿಳಿಸಿ, ನಾನೂ ಅಲ್ಲೇ ಹೋಗುತ್ತೇನೆ. 😀

ಬಡಗಿಯ_ಮಗಳು

ತಡವಾಗಿ ಬರುತ್ತಿದ್ದೇನೆ. ನಮ್ಮಪ್ಪ ಮೂವತ್ತು ವರ್ಷ ಈ ಕೆಲಸ ಮಾಡಿದವರು. ಅವರಿಗೆ ಎಂಎಂ ಲೆಕ್ಕ ಬೇಡ, ಎಲ್ಲ ನೂಲಿನ ಲೆಕ್ಕ. ಒಂದು ಇಂಚಿಗೆ 8 ನೂಲು, 6 ನೂಲು ಅಂದರೆ ಮುಕ್ಕಾಲು ಇಂಚು. ನಿಮ್ಮ ಪ್ರಶ್ನೆ ಓದಿ ಹೇಳಿದೆ. ಅವರು ದಪ್ಪದ ಮಾತೇ ಎತ್ತಲಿಲ್ಲ. "ಶೀಟಿನಲ್ಲಿ ಹೇಗೆ ಕುಯ್ಯುತ್ತಾರಂತೆ?" ಅಂತ ಕೇಳಿದರು. ಪೇಪರು ಪೆನ್ನು ಹಿಡಿದು ಕೂತ ಮೇಲೆ ನನಗೂ ಗೊತ್ತಾಯಿತು.

8×4ರ ಶೀಟ್ ಅಂದರೆ 2440 × 1220 ಎಂಎಂ. 11 ಇಂಚಿನ ಆಳಕ್ಕೆ ಉದ್ದುದ್ದ ಸೀಳಿದರೆ ಒಂದು ಶೀಟಿಗೆ 4 ಪಟ್ಟಿ, ಗರಗಸ ತಿನ್ನುವುದು ಬಿಟ್ಟು ಇನ್ನೂ ಸ್ವಲ್ಪ ಉಳಿಯುತ್ತದೆ. (12 ಇಂಚು ಆಳ ಬೇಕು ಅಂತ ಹಟ ಹಿಡಿಯಬೇಡಿ. ಗರಗಸ ಒಂದೊಂದು ಸೀಳಿಗೆ 3 ಎಂಎಂ ತಿನ್ನುತ್ತದೆ, ನಾಲ್ಕನೇ ಪಟ್ಟಿ ಸಿಗುವುದಿಲ್ಲ.) ಒಂದೊಂದು ಪಟ್ಟಿ 8 ಅಡಿ.

ನಿಮ್ಮ ಪ್ಲಾನು: ನಿಂತ ಹಲಗೆ 3, ಅದಕ್ಕೆ 3 ಪಟ್ಟಿ. ಮೇಲೆ, ಕೆಳಗೆ 6 ಅಡಿಯದ್ದು 2 ಪಟ್ಟಿ. ಅಡ್ಡ ಹಲಗೆ 10, ಒಂದೊಂದೂ 3 ಅಡಿಗೆ ಸ್ವಲ್ಪ ಕಡಿಮೆ. 8 ಅಡಿಯ ಪಟ್ಟಿಯಲ್ಲಿ ಅಂಥದ್ದು ಎರಡೇ ಬರುವುದು, ಮಿಕ್ಕ 2 ಅಡಿ ಚಿಲ್ಲರೆ ತುಂಡು. ಅದಕ್ಕೆ 5 ಪಟ್ಟಿ. ಒಟ್ಟು 10.

ಈಗ ಪಾರ್ಟಿಷನ್ ಇನ್ನೊಂದು ಹಾಕಿ, 2 ಅಡಿಯ ಮೂರು ಖಾನೆ ಮಾಡಿ. ನಿಂತ ಹಲಗೆ 4 ಪಟ್ಟಿ. ಮೇಲೆ ಕೆಳಗೆ 2. ಅಡ್ಡ ಹಲಗೆ 15, ಒಂದೊಂದೂ 586 ಎಂಎಂ, ಒಂದು ಪಟ್ಟಿಗೆ ನಾಲ್ಕು ಬರುತ್ತವೆ. 4 ಪಟ್ಟಿ ಸಾಕು, ಒಂದೆರಡು ಹಲಗೆ ಮಿಗುತ್ತದೆ. ಒಟ್ಟು 10.

ಅಷ್ಟೇ! ಎರಡಕ್ಕೂ ಅದೇ ಮೂರು ಶೀಟು. ನಿಮ್ಮ ಪ್ಲಾನಿನಲ್ಲಿ ತುಂಡಾಗಿ ಬಿಸಾಡುತ್ತಿದ್ದದ್ದೇ ಇಲ್ಲಿ ನಾಲ್ಕನೇ ಕಂಬ ಆಗಿ ನಿಂತಿದೆ.

ಇನ್ನೂ ಒಂದಿದೆ. ಹಿಂಬದಿಗೆ 6 ಅಡಿ ಅಗಲ ಮುಚ್ಚಬೇಕು, ಶೀಟು ಇರುವುದು 4 ಅಡಿ. 4 ಅಡಿಯದ್ದೊಂದು, 2 ಅಡಿಯದ್ದೊಂದು ಹಾಕಿದರೆ ಜೋಡಣೆ ಸರಿಯಾಗಿ ಎರಡನೇ ಪಾರ್ಟಿಷನ್ ಮೇಲೇ ಬರುತ್ತದೆ. ನಿಮ್ಮ ಹಳೇ ಪ್ಲಾನಿನಲ್ಲಿ ಅದು ಖಾನೆಯ ನಡುವೆ ಗಾಳಿಯಲ್ಲಿ ಬರುತ್ತಿತ್ತು. ಹಿಂಬದಿಗೆ 9 ಎಂಎಂ ಹಾಕಿ, ಪ್ರತಿ ಅಡ್ಡ ಹಲಗೆಯ ಬೆನ್ನಿಗೂ ಹಿಂದಿನಿಂದ ಮೂರು ಮೂರು ಸ್ಕ್ರೂ ಕೊಡಿ. ಆಗ ಹಲಗೆಯನ್ನು ತುದಿ ಮಾತ್ರ ಅಲ್ಲ, ಉದ್ದಕ್ಕೂ ಹಿಂದಿನಿಂದ ಹಿಡಿದುಕೊಂಡ ಹಾಗೆ. ಸುಮ್ನೆ ಧೂಳು ತಡೆಯುವುದಕ್ಕೆ 4 ಎಂಎಂ ಬಡಿದು ಹೋಗುವವರಿದ್ದಾರೆ, ಅದು ಕಪಾಟು ಓಲಾಡುವುದನ್ನು ತಡೆದರೂ ಅಡ್ಡ ಹಲಗೆಗೆ 9ರಷ್ಟು ಆಧಾರ ಕೊಡುವುದಿಲ್ಲ.

ಗರಗಸ_ಗುಂಡ

ಅಪ್ಪನಿಗೆ ನನ್ನ ಕಡೆಯಿಂದ ಒಂದು ದೊಡ್ಡ ನಮಸ್ಕಾರ ಹೇಳಿ. ಹದಿನೈದು ವರ್ಷದಿಂದ ಈ ಹವ್ಯಾಸ ಇದೆ, ಒಂದು ದಿನವೂ ಮೊದಲು ಶೀಟಿನ ಚಿತ್ರ ಬರೆದು ಆಮೇಲೆ ಕಪಾಟಿನ ಅಳತೆ ಇಟ್ಟವನಲ್ಲ ನಾನು.

ಭಾವನ_ಪಕ್ಷ

ಹಾಗಾದರೆ 2 ಅಡಿ ಖಾನೆ ಅಂದ ಮೇಲೆ 12ಕ್ಕೇ ಇಳಿಯಬಹುದಲ್ಲ? ಮೇಷ್ಟ್ರ ಲೆಕ್ಕದ ಪ್ರಕಾರ ಎರಡೂವರೆ ಎಂಎಂ ತಾನೇ.

ಬಡಗಿಯ_ಮಗಳು

ಇಳಿಯಬಹುದು, ಗ್ರೂವ್ ಹೊಡೆದು ಅದರೊಳಗೆ ಹಲಗೆ ಕೂರಿಸುವವರಾದರೆ. ಇವರು ಅಂಚಿಗೆ ಸ್ಕ್ರೂ ಕೊಡುವವರು, ಹುಬ್ಬಳ್ಳಿಯವರು ಹೇಳಿದ ತೊಂದರೆ ಬರುತ್ತದೆ. ಮತ್ತೆ, ಅಡ್ಡ ಹಲಗೆಗೆ ಬರುವುದು ಒಂದು ಶೀಟು ಅಷ್ಟೇ. 32 ಚದರಡಿ, ಅಡಿಗೆ 30 ರೂಪಾಯಿ ವ್ಯತ್ಯಾಸ, 960 ರೂಪಾಯಿ ಉಳಿಯುತ್ತದೆ. ಅಷ್ಟಕ್ಕಾಗಿ ಎರಡು ದಪ್ಪ ತಂದು ಅಳತೆ ಗೊಂದಲ ಯಾಕೆ?

ಮಲೆನಾಡಿಗ_ಓದುಗ

ನಿನ್ನೆ ಶೀಟ್ ತಂದೆ. 18 ಎಂಎಂ ಬಿಡಬ್ಲ್ಯೂಆರ್, ಮೂರು. ಬಿಲ್ಲಿನಲ್ಲಿ "19" ಅಂತ ಬರೆದಿದ್ದಾರೆ. ಮನೆಗೆ ತಂದು ವರ್ನಿಯರ್ ಹಿಡಿದರೆ ಒಂದು ಮೂಲೆಯಲ್ಲಿ 17.2, ನಡುವೆ 17.6. ಇದು ಮೋಸವಾ? ವಾಪಸ್ ಕೊಡಲಾ?

ಹುಬ್ಬಳ್ಳಿ_ಮಂದಿ

ಶೀಟ್ ಮೇಲಿನ ಮುದ್ರೆಯಲ್ಲಿ ಏನಿದೆ? 18 ಇದ್ದರೆ ವಾಪಸ್ ಕೊಡೋ ಹಂಗಿಲ್ರಿ. ಐಎಸ್ 303ರಲ್ಲಿ 6 ಎಂಎಂ ಮತ್ತು ಮೇಲಿನದಕ್ಕೆ ಹೆಚ್ಚು ಕಡಿಮೆ 5% ಬಿಟ್ಟಾರೆ. 18 ಅಂದರೆ 17.1ರಿಂದ 18.9ರ ತನಕ ಲೆಕ್ಕಕ್ಕೆ ಸರಿ. 19 ಅನ್ನುವುದು ಮುಕ್ಕಾಲು ಇಂಚಿನ ಹಳೇ ಬಾಯಿಪಾಠ. ಬಡಗಿಗಳೂ 19 ಅಂತಾರೆ, ಅಂಗಡಿಯವರೂ ಹಂಗೇ ಬರೀತಾರೆ. ಆದರೆ ಮುದ್ರೆಯಲ್ಲೇ 19 ಇದ್ದು 17.2 ಬಂದರೆ ಮಾತ್ರ ಹೋಗಿ ಜಗಳ ತೆಗೀರಿ.

ಜೆರ್ಸಿ_ಕನ್ನಡಿಗ

ಇಲ್ಲೂ ಅದೇ ಗೋಳು. ನಾನು ನ್ಯೂಜೆರ್ಸಿಯಲ್ಲಿ ಗ್ಯಾರೇಜಿನಲ್ಲಿ ಕುಟ್ಟುವವನು. ಅಂಗಡಿಯಲ್ಲಿ ಮುಕ್ಕಾಲು ಇಂಚು ಅಂತ ಕೊಡುವ ಪ್ಲೈ ನಿಜವಾಗಿ 23/32 ಇಂಚು, ಅಂದರೆ 18.3 ಎಂಎಂ ಹತ್ತಿರ. ನಾನು ಮೊದಲ ಸಲ ಮುಕ್ಕಾಲು ಇಂಚಿನ ರೂಟರ್ ಬಿಟ್ (ಮರದಲ್ಲಿ ಗ್ರೂವ್ ಕೊರೆಯುವ ಯಂತ್ರದ ಅಲಗು) ಹಾಕಿ ಗ್ರೂವ್ ಹೊಡೆದು, ಹಲಗೆ ಕೂರಿಸಿದರೆ ಲಟಪಟ ಅಂತ ಅಲ್ಲಾಡಿತು. ಆಮೇಲೆ ಗೊತ್ತಾಯಿತು, ಇಲ್ಲಿ ಪ್ಲೈವುಡ್‌ಗೆ ಅಂತಲೇ 23/32ರ ಬಿಟ್ ಬೇರೆ ಮಾರುತ್ತಾರೆ.

ಈಗ ನಾನು ಮಾಡುವುದು ಇಷ್ಟೇ. ಯಾವ ಶೀಟ್ ತಂದರೂ ಅದರದ್ದೇ ಒಂದು ತುಂಡು ಕುಯ್ದು ಕೈಯಲ್ಲಿ ಇಟ್ಟುಕೊಳ್ಳುತ್ತೇನೆ. ಟೇಪಿನ ಅಳತೆ ನೋಡಿ ಗ್ರೂವ್ ಹೊಡೆಯುವುದಿಲ್ಲ, ಆ ತುಂಡನ್ನೇ ಇಟ್ಟು ಗೀಟು ಹಾಕುತ್ತೇನೆ. ಮೈಕಾ ಅಂಟಿಸುವುದಿದ್ದರೆ ಅಂಟಿಸಿದ ಮೇಲೆ ಅಳೆಯಬೇಕು. ಹೊರಗೆ 1, ಒಳಗೆ 0.8 ಹಾಕಿದರೆ 18 ಇದ್ದದ್ದು 20ರ ಹತ್ತಿರ ಹೋಗುತ್ತದೆ.

ಉಡುಪಿ_ಮಳೆ

ಮೈಕಾ ಹಾಕುವುದಾದರೆ ಎರಡೂ ಕಡೆ ಹಾಕಿ. ಒಂದು ಕಡೆ ಮಾತ್ರ ಹಾಕಿದರೆ ಇನ್ನೊಂದು ಕಡೆ ತೇವ ಕುಡಿದು ಹಲಗೆ ತಿರುಚಿಕೊಳ್ಳುತ್ತದೆ.

ಲೆಕ್ಕದ_ಮೇಷ್ಟ್ರು

17.2 ಅಂದರೆ ಗಟ್ಟಿತನ 18ಕ್ಕಿಂತ 13% ಕಡಿಮೆ. 3 ಅಡಿಯ ಖಾನೆ ಆಗಿದ್ದರೆ ಚಿಂತೆ ಮಾಡುತ್ತಿದ್ದೆ. 2 ಅಡಿಗೆ ಏನೂ ಆಗುವುದಿಲ್ಲ.

ಕುಯ್ಯುವ ಮುಂಚೆ ಒಂದು ಮಾತು. ಮೇಲ್ಪದರದ ಎಳೆ ಶೀಟಿನ 8 ಅಡಿಯ ದಿಕ್ಕಿಗೇ ಇದೆಯಾ ಅಂತ ನೋಡಿ. ಸಾಮಾನ್ಯವಾಗಿ ಇರುತ್ತದೆ. ಅಡ್ಡ ಹಲಗೆಯ ಉದ್ದ ಆ ಎಳೆಯ ಜೊತೆಗೇ ಹೋಗಬೇಕು. ಬಡಗಿಯ ಮಗಳು ಹೇಳಿದ ಹಾಗೆ ಉದ್ದುದ್ದ ಸೀಳಿದರೆ ತಾನಾಗಿಯೇ ಸರಿ ಬರುತ್ತದೆ. ಜಾಗ ಉಳಿಸುತ್ತೇನೆ ಅಂತ ಅಡ್ಡಡ್ಡ ಕುಯ್ದರೆ ಅದೇ ದಪ್ಪದ ಹಲಗೆ ಮೆತ್ತಗಾಗುತ್ತದೆ. ತೆಳು ಪ್ಲೈನಲ್ಲಿ ಇದು ಕೈಗೇ ಗೊತ್ತಾಗುತ್ತದೆ, 4 ಎಂಎಂ ತುಂಡು ಎರಡೂ ಕಡೆ ಬಗ್ಗಿಸಿ ನೋಡಿ.

ಗರಗಸ_ಗುಂಡ

ಕುಯ್ದ ಅಂಚಿನ ಫೋಟೊ ಹಾಕಿ. ಒಳಗೆ ಸಂದು ಇದ್ದರೆ ಅಲ್ಲಿ ಸ್ಕ್ರೂ ಹಿಡಿಯುವುದಿಲ್ಲ.

ಮಲೆನಾಡಿಗ_ಓದುಗ

ಮುದ್ರೆಯಲ್ಲಿ 18 ಅಂತಲೇ ಇತ್ತು, ಜಗಳ ತಪ್ಪಿತು. ಕುಯ್ದೆವು. ಬಡಗಿಗೆ 2 ಅಡಿಯ ಚಿತ್ರ ತೋರಿಸಿದಾಗ ಮೊದಲು, "ಕೆಲಸ ಜಾಸ್ತಿ ಆಗುತ್ತೆ" ಅಂತ ಗೊಣಗಿದರು. ಆಮೇಲೆ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಐದು ನಿಮಿಷ ಪಟ್ಟಿ ಎಣಿಸಿ, "ಇದ್ಯಾರು ಹೇಳಿಕೊಟ್ಟದ್ದು ನಿಮಗೆ?" ಅಂತ ಕೇಳಿದರು. ಬಡಗಿಯೊಬ್ಬರ ಮಗಳು ಅಂದೆ. "ಹಾಗೆ ಹೇಳಿ ಮತ್ತೆ" ಅಂದರು.

ಅಂಚಿನಲ್ಲಿ ಒಂದೇ ಒಂದು ಕಡೆ ಸಣ್ಣ ಸಂದು ಸಿಕ್ಕಿತು, ಆ ತುದಿಯನ್ನು ಪುಸ್ತಕ ಇಡದ ಮೇಲಿನ ಹಲಗೆಗೆ ಹಾಕಿದೆ. ಹಿಂಬದಿಗೆ 9 ಎಂಎಂ, ಎಲ್ಲ ಹಲಗೆಗೂ ಹಿಂದಿನಿಂದ ಸ್ಕ್ರೂ. ಮುಂದೆ ಸಾಗುವಾನಿ ಪಟ್ಟಿ ಕೆಳಗಿನ ಎರಡು ಸಾಲಿಗೆ ಮಾತ್ರ, ದಪ್ಪ ಪುಸ್ತಕ ಇರುವುದು ಅಲ್ಲೇ. ಗೋಡೆಯಿಂದ ಒಂದು ಇಂಚು ಬಿಟ್ಟು, ಮೇಲೆ ಎರಡು ಕಡೆ ಆಂಗಲ್ ಹಾಕಿ ಗೋಡೆಗೆ ಬಿಗಿದಿದ್ದೇನೆ. ಮನೆಯಲ್ಲಿ ಹತ್ತುವ ವಯಸ್ಸಿನ ಮಗು ಇದೆ.

ಮಲೆನಾಡಿಗ_ಓದುಗ

ನಾಲ್ಕು ತಿಂಗಳ ನಂತರ ಬರೆಯುತ್ತಿದ್ದೇನೆ. ಜುಲೈ ಆಗಸ್ಟ್ ಪೂರ್ತಿ ಮಳೆ ಹೊಡೆಯಿತು. ಇವತ್ತು ಮೇಷ್ಟ್ರ ನೆನಪಾಗಿ ಎಲ್ಲಕ್ಕಿಂತ ಭಾರದ ಹಲಗೆಯ ಕೆಳಗೆ ತುದಿಯಿಂದ ತುದಿಗೆ ದಾರ ಎಳೆದು ಹಿಡಿದೆ. ನಡುವೆ ದಾರ ಹಲಗೆಗೆ ತಾಗುತ್ತದೆ, ತುದಿಯಲ್ಲಿ ಒಂದು ಪೋಸ್ಟ್‌ಕಾರ್ಡ್ ತೂರಿಸುವಷ್ಟು ಸಂದು ಕೂಡ ಇಲ್ಲ. ಹಿಂಬದಿಯಲ್ಲೂ ಬೂಷ್ಟು ಇಲ್ಲ, ಟಾರ್ಚ್ ಹಾಕಿ ನೋಡಿದೆ.

ಒಂದೇ ತೊಂದರೆ. ಮಿಕ್ಕಿದ ಎರಡು ಹಲಗೆಯನ್ನೂ ಸೇರಿಸಿ ಕೆಳಗೆ ಒಂದು ಖಾನೆ ಜಾಸ್ತಿ ಮಾಡಿದ್ದೆ. ಅದನ್ನು ಅಮ್ಮ ವಶಪಡಿಸಿಕೊಂಡಿದ್ದಾರೆ. ಅಪ್ಪೆಮಿಡಿ ಉಪ್ಪಿನಕಾಯಿಯ ನಾಲ್ಕು ಭರಣಿ ಅಲ್ಲಿ ಕೂತಿವೆ. ತಡೆಯುತ್ತದಾ?

ಲೆಕ್ಕದ_ಮೇಷ್ಟ್ರು

ಒಂದು ಭರಣಿ ಎಷ್ಟು ಕೆಜಿ ಬರುತ್ತದೆ, ತೂಗಿ ಹೇಳಿ.

ಹುಬ್ಬಳ್ಳಿ_ಮಂದಿ

ತೂಗುವುದು ಆಮೇಲೆ ಇರಲಿ ಮೇಷ್ಟ್ರೇ. ಮೊದಲು ನಮಗೆ ಒಂದು ಭರಣಿ ಕಳಿಸಲಿಕ್ಕೆ ಹೇಳ್ರಿ, ಭಾರ ಕಡಿಮೆ ಆಗ್ತದ.